ನಿಂಬೆಹಣ್ಣು ಹಚ್ಚಿದ ಕೆನ್ನೆ ಕಪ್ಪಾಗಿದ್ದು ಯಾಕೆ?

ಪ್ರಶ್ನೆ: ಮೇಡಂ, ನನಗೆ 26 ವರ್ಷ, ಊರು ದಾವಣಗೆರೆ. ಇನ್ನು ಮೂರು ತಿಂಗಳಿಗೆ ಮದುವೆ. ನನ್ನದು ಎಣ್ಣೆಗೆಂಪು ಬಣ್ಣ. ಫೋಟೋದಲ್ಲಿ ಸ್ವಲ್ಪ ಬೆಳ್ಳಗೆ ಕಾಣಲಿ ಅಂತ ಒಂದು ವಿಡಿಯೋ ನೋಡಿ, ಒಂದು ಚಮಚ ನಿಂಬೆರಸ, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಅರಿಶಿನ, ಸ್ವಲ್ಪ ಜೇನುತುಪ್ಪ ಕಲಸಿ ದಿನಾ ಬೆಳಿಗ್ಗೆ 20 ನಿಮಿಷ ಹಚ್ಚುತ್ತಿದ್ದೆ. ಆಮೇಲೆ ಸ್ನಾನ ಮಾಡಿ ಸ್ಕೂಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಚೆನ್ನಾಗಿಯೇ ಉರಿಯುತ್ತಿತ್ತು. ಉರಿ ಬಂದರೆ ಕೆಲಸ ಮಾಡ್ತಿದೆ ಅಂತ ಅರ್ಥ ಎಂದು ವಿಡಿಯೋದಲ್ಲೇ ಹೇಳಿದ್ದರು. ಹತ್ತು ದಿನಕ್ಕೆ ಸಿಪ್ಪೆ ಎದ್ದಿತು. ಈಗ ಎರಡೂ ಕೆನ್ನೆಯ ಮೇಲೆ, ಮೇಲ್ದುಟಿಯ ಮೇಲೆ ಕಂದು ಕಲೆ ಬಂದಿದೆ. ಮನೆಮದ್ದಿಗೆ ಸೈಡ್ ಎಫೆಕ್ಟ್ ಇರಲ್ಲ ಅಲ್ವಾ? ಅತ್ತಿಗೆ ಪಾರ್ಲರಿನಿಂದ ಒಂದು ನೈಟ್ ಕ್ರೀಮ್ ತಂದುಕೊಟ್ಟಿದ್ದಾರೆ, ಹಚ್ಚಲಾ? ಯಾವ ಮನೆಮದ್ದು ಸೇಫ್ ಅಂತ ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಆ ಬಟ್ಟಲು ತೊಳೆದಿಡಿ. ಇವತ್ತೇ. ಅತ್ತಿಗೆ ಕೊಟ್ಟ ಡಬ್ಬಿಯನ್ನೂ ತೆರೆಯಬೇಡಿ, ಅದರ ಕಥೆ ಆಮೇಲೆ ಹೇಳುತ್ತೇನೆ.

ಇನ್ನು ಹೆದರಬೇಡಿ. ನೀವು ಬರೆದದ್ದನ್ನು ನೋಡಿದರೆ ಇದು ಹೋಗುವಂಥ ಕಲೆ. ಎಷ್ಟು ಬೇಗ ಹೋಗುತ್ತದೆ ಎನ್ನುವುದು ಮಾತ್ರ ಇನ್ನು ಮುಂದೆ ನೀವು ಅದಕ್ಕೆ ಏನೇನು ಹಚ್ಚುವುದಿಲ್ಲ ಎನ್ನುವುದರ ಮೇಲೆ ನಿಂತಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು: ಉರಿ ಬಂದರೆ ಕೆಲಸ ಮಾಡ್ತಿದೆ. ಈ ಮಾತನ್ನು ನಾನು ಓಪಿಡಿಯಲ್ಲಿ ದಿನಾ ಕೇಳುತ್ತೇನೆ. ಗಾಯಕ್ಕೆ ಟಿಂಚರ್ ಹಾಕಿಸಿಕೊಂಡು ಬೆಳೆದವರು ನಾವು, ಉರಿಗೂ ಗುಣವಾಗುವುದಕ್ಕೂ ಏನೋ ಸಂಬಂಧ ಇದೆ ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ನಮ್ಮ ಬಣ್ಣದ ಚರ್ಮದಲ್ಲಿ ಲೆಕ್ಕ ಉಲ್ಟಾ. ಇವತ್ತಿನ ಉರಿ, ಇನ್ನು ಎರಡು ವಾರದಲ್ಲಿ ಕಪ್ಪು.

ಯಾಕೆ ಅಂತ ಹೇಳುತ್ತೇನೆ. ಚರ್ಮದ ಮೇಲ್ಪದರದ ತಳದಲ್ಲಿ ಮೆಲನಿನ್ ಎಂಬ ಬಣ್ಣ ತಯಾರಿಸುವ ಕೋಶಗಳಿವೆ. ಸ್ವೀಡನ್ನಿನವರಿಗಾಗಲಿ, ಸೊಮಾಲಿಯಾದವರಿಗಾಗಲಿ, ನಮಗಾಗಲಿ, ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಅವು ತಯಾರಿಸುವ ಬಣ್ಣದ ಕಣಗಳ ಗಾತ್ರದಲ್ಲಿ, ಅವು ಹರಡಿಕೊಳ್ಳುವ ರೀತಿಯಲ್ಲಿ. ನಮ್ಮ ಕೋಶಗಳು ತುಂಬಾ ಚುರುಕು. ಚರ್ಮಕ್ಕೆ ಬಿಸಿ ತಾಗಲಿ, ಆಮ್ಲ ತಾಗಲಿ, ಜೋರಾಗಿ ಉಜ್ಜಲಿ, ಮೊಡವೆ ಹಿಚುಕಲಿ, ಅವು ಕೂಡಲೇ ಬಣ್ಣ ಸುರಿಯಲು ಶುರು ಮಾಡುತ್ತವೆ. ಬೆಳ್ಳಗಿನ ಯುರೋಪಿನವರಿಗೆ ಚರ್ಮ ಕೆರಳಿದರೆ ಕೆಂಪಾಗುತ್ತದೆ, ಆಮೇಲೆ ಮಾಸುತ್ತದೆ. ನಮಗೆ ಕೆಂಪು ಮಾಸಿದ ಮೇಲೆ ಕಪ್ಪು ಉಳಿಯುತ್ತದೆ. ಸೊಳ್ಳೆ ಕಚ್ಚಿದ ಜಾಗ ಕೂಡ ತಿಂಗಳುಗಟ್ಟಲೆ ಕಾಣುವುದಿಲ್ಲವೇ, ಅದೇ ಇದು.

ಈಗ ನಿಮ್ಮ ಬಟ್ಟಲಿಗೆ ಬರೋಣ. ಮೊದಲನೆಯದು ನಿಂಬೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಮನೆಮದ್ದುಗಳಲ್ಲೆಲ್ಲ ನನಗೆ ಅತಿ ಹೆಚ್ಚು ರೋಗಿಗಳನ್ನು ಕಳಿಸಿಕೊಟ್ಟಿದ್ದು ಇದೇ ಹಣ್ಣು.

ಆರೋಗ್ಯವಾಗಿರುವ ಮುಖದ ಚರ್ಮಕ್ಕೆ ಒಂದು ಸಣ್ಣ ಹುಳಿ ಇರುತ್ತದೆ. ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ನಿಂಬೆರಸದ್ದು 2ರ ಆಸುಪಾಸು. ಮೂರೇ ಅಂಕಿ ತಾನೇ ಅನ್ನಬೇಡಿ. ಈ ಅಳತೆಯಲ್ಲಿ ಒಂದು ಅಂಕಿ ಕೆಳಗಿಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಮೂರು ಅಂಕಿ ಎಂದರೆ ಸಾವಿರ ಪಟ್ಟು. ಅಷ್ಟು ಹುಳಿಯನ್ನು 20 ನಿಮಿಷ ಮುಖದ ಮೇಲೆ ಕೂರಿಸಿದರೆ ಚರ್ಮದ ಮೇಲಿನ ರಕ್ಷಣೆಯ ಪದರ ಕಿತ್ತು ಬರುತ್ತದೆ. ನಿಮಗೆ ಎದ್ದ ಸಿಪ್ಪೆ ಅದೇ. ಸಿಪ್ಪೆಯ ಕೆಳಗೆ ಹೊಸ ಚರ್ಮ ತಿಳಿಯಾಗಿ ಕಂಡು ಒಂದೆರಡು ದಿನ ಖುಷಿಯೂ ಆಗಿರಬೇಕು. ಅದು ಬೆಳಗಿದ್ದಲ್ಲ, ಸುಲಿದದ್ದು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಂಬೆಜಾತಿಯ ಹಣ್ಣುಗಳಲ್ಲಿ ಸೊರಾಲೆನ್ ಗುಂಪಿನ ರಾಸಾಯನಿಕಗಳಿರುತ್ತವೆ. ಇವು ಚರ್ಮದ ಮೇಲೆ ಸುಮ್ನೆ ಇರುತ್ತವೆ, ಬಿಸಿಲು ಬಿದ್ದಾಗ ಮಾತ್ರ ಎಚ್ಚರಗೊಳ್ಳುತ್ತವೆ. ಬಿಸಿಲಿನ ಅಲ್ಟ್ರಾವಯಲೆಟ್ ಎ ಕಿರಣ ತಾಗಿದ ಕೂಡಲೇ ಆ ಜಾಗದ ಕೋಶಗಳನ್ನು ಸುಡುತ್ತವೆ. ಅವತ್ತೇ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಕಳೆದ ಮೇಲೆ ಕೆಂಪಾಗಿ ಉರಿಯುತ್ತದೆ, ಎರಡು ಮೂರು ದಿನಕ್ಕೆ ಅದು ತಾರಕಕ್ಕೆ ಹೋಗುತ್ತದೆ, ಕೆಲವರಿಗೆ ಗುಳ್ಳೆಯೇ ಏಳುತ್ತದೆ. ಆಮೇಲೆ ಕಂದು ಕಲೆ, ವಾರಗಟ್ಟಲೆ, ತಿಂಗಳುಗಟ್ಟಲೆ. ಜಾತ್ರೆಯಲ್ಲಿ ದಿನವಿಡೀ ಬಿಸಿಲಲ್ಲಿ ನಿಂತು ಶರಬತ್ತು ಮಾಡುವವರ ಕೈ ನೋಡಿ. ರಸ ಸುರಿದ ಗೆರೆಯಲ್ಲೇ ಕಪ್ಪು ಗೆರೆ ಇರುತ್ತದೆ ಕೆಲವರಿಗೆ.

ತಮಾಷೆ ಏನು ಗೊತ್ತಾ? ತೊನ್ನು ಇದ್ದವರಿಗೆ ಬಿಳಿ ಜಾಗದಲ್ಲಿ ಬಣ್ಣ ತರಿಸಲು ನಾವು ಕೊಡುತ್ತಾ ಬಂದಿರುವ ಹಳೆಯ ಔಷಧಿ ಇದೇ ಸೊರಾಲೆನ್. ಔಷಧಿ ಕೊಟ್ಟು, ಲೆಕ್ಕ ಹಾಕಿ ಇಷ್ಟೇ ನಿಮಿಷ ಬಿಸಿಲಿಗೆ ನಿಲ್ಲಿ ಎನ್ನುತ್ತೇವೆ. ಹಳೆಯ ನಾಟಿ ವೈದ್ಯದಲ್ಲಿ ತೊನ್ನಿಗೆ ಹಚ್ಚುತ್ತಿದ್ದ ಬಾವಂಚಿ ಬೀಜದಲ್ಲಿರುವುದೂ ಅದೇ. ಅಂದರೆ ನೀವು ಬೆಳ್ಳಗಾಗಲು ಹಚ್ಚಿಕೊಂಡು ಸ್ಕೂಟಿ ಹತ್ತಿದ್ದು, ನಾವು ಬಣ್ಣ ಬರಿಸಲು ಕೊಡುವ ಔಷಧಿಯ ದಾಯಾದಿಯನ್ನು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೊರದೇಶದ ವಿಡಿಯೋಗಳಲ್ಲಿ ತೋರಿಸುವ ಹಳದಿ ದೊಡ್ಡ ಹಣ್ಣು ಬೇರೆ, ನಮ್ಮ ಸಂತೆಯಲ್ಲಿ ಸಿಗುವ ಸಣ್ಣ ತೆಳು ಸಿಪ್ಪೆಯ ನಿಂಬೆ ಬೇರೆ. ಈ ಬಿಸಿಲಿನ ಸುಟ್ಟಗಾಯಕ್ಕೆ ಹೆಸರಾಗಿರುವುದು ನಮ್ಮ ನಿಂಬೆಯ ಜಾತಿಯೇ. ರಸಕ್ಕಿಂತ ಸಿಪ್ಪೆಯಲ್ಲಿ ಈ ರಾಸಾಯನಿಕ ಹಲವು ಪಟ್ಟು ಜಾಸ್ತಿ. ನಿಂಬೆ ಹೋಳನ್ನೇ ಸಕ್ಕರೆಯಲ್ಲಿ ಅದ್ದಿ ಮುಖಕ್ಕೆ ಉಜ್ಜುವವರು ಇದ್ದಾರಲ್ಲ, ಅವರು ಹುಳಿ, ಸಿಪ್ಪೆಯ ಎಣ್ಣೆ, ಸಕ್ಕರೆಯ ಗೀರು, ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ತೊಳೆದುಕೊಂಡರೆ ಹೋಗುತ್ತದಲ್ಲ ಎಂದು ಕೇಳುತ್ತೀರಿ. ಚರ್ಮದೊಳಕ್ಕೆ ಇಳಿದದ್ದು ನೀರಿಗೆ ಬರುವುದಿಲ್ಲ.

ಎರಡನೆಯದು ಸೋಡಾ. ನಿಂಬೆ ಒಂದು ಕಡೆಗೆ ಎಳೆದರೆ ಇದು ಇನ್ನೊಂದು ಕಡೆಗೆ ಎಳೆಯುತ್ತದೆ. ಪಿಎಚ್ 8ರ ಮೇಲೆ. ಎರಡನ್ನೂ ಕಲಸಿದಾಗ ಬುಸ್ ಎಂದು ನೊರೆ ಎದ್ದಿರಬೇಕಲ್ಲ? ಅದು ಶಕ್ತಿ ಅಲ್ಲ, ಎರಡೂ ಒಂದನ್ನೊಂದು ಕೊಂದುಕೊಳ್ಳುವ ಸದ್ದು. ಕೊನೆಗೆ ಉಳಿಯುವುದು ಒಂದಿಷ್ಟು ಉಪ್ಪಿನಂಥ ಪದಾರ್ಥ, ಜೊತೆಗೆ ಯಾವುದು ಜಾಸ್ತಿ ಬಿದ್ದಿತ್ತೋ ಅದರ ಉಳಿಕೆ. ಅರ್ಧ ಚಮಚ ಅಂತ ನಾವು ಹಾಕುವುದು ಒಂದು ದಿನ ಕಾಲು ಚಮಚ, ಇನ್ನೊಂದು ದಿನ ಮುಕ್ಕಾಲು. ಕಾಲು ಚಮಚವೇ ಆದರೂ ಒಂದು ಚಮಚ ರಸಕ್ಕೆ ಅದು ಜಾಸ್ತಿಯೇ, ಹಾಗಾಗಿ ಹೆಚ್ಚಾಗಿ ಉಳಿದು ಸುಟ್ಟದ್ದು ಸೋಡಾ.

ಕೆಲವು ದಿನ ಲೇಪ ಹಳದಿ ಹೋಗಿ ಕೆಂಪಗೆ ತಿರುಗಿದ್ದು ನೀವು ಗಮನಿಸಿದ್ದೀರಾ? ಮದುವೆ ಮನೆಯಲ್ಲಿ ಆರತಿ ತಟ್ಟೆಗೆ ಅರಿಶಿನದ ನೀರು ಹಾಕಿ ಚೂರು ಸುಣ್ಣ ಕದಡಿದರೆ ಓಕುಳಿ ಆಗುತ್ತದಲ್ಲ, ಅದೇ ರೀತಿ. ಅರಿಶಿನ ಕ್ಷಾರ ಕಂಡರೆ ಕೆಂಪಾಗುತ್ತದೆ. ನಿಮ್ಮ ಬಟ್ಟಲು ಕೆಂಪಾದ ದಿನ ಸೋಡಾ ಗೆದ್ದಿತ್ತು ಎಂದು ಅರ್ಥ. ಬಟ್ಟಲೇ ಹೇಳುತ್ತಿತ್ತು, ಕೇಳುವವರು ಇರಲಿಲ್ಲ.

ಮೂರನೆಯದು ಅರಿಶಿನ. ಇದನ್ನು ನಾನು ಬೈಯುವುದಿಲ್ಲ. ನಮ್ಮಲ್ಲಿ ಹುಟ್ಟಿದಾಗಿನಿಂದ ಹಚ್ಚಿಕೊಂಡು ಬಂದದ್ದು, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಬಣ್ಣ ತಿಳಿಯಾಗುವುದೂ ಇಲ್ಲ. ಹಳದಿ ಅಂಟಿಕೊಂಡು ಮುಖ ಬೆಳಗಿದಂತೆ ಕಾಣುತ್ತದೆ ಅಷ್ಟೇ. ಕೆಲವರಿಗೆ ಮಾತ್ರ ಅಲರ್ಜಿ ಆಗುತ್ತದೆ, ತುರಿಕೆಯಾಗಿ ಆಮೇಲೆ ಕಪ್ಪಾಗುತ್ತದೆ. ಕುಂಕುಮದಲ್ಲಿ ಇದು ಇನ್ನೂ ಜಾಸ್ತಿ, ಅದಕ್ಕೆ ಸೇರಿಸುವ ಬಣ್ಣಗಳಿಂದಾಗಿ. ಹಣೆಯ ನಡುವೆ ದುಂಡಗೆ ಕಪ್ಪು ಮಚ್ಚೆ ಇರುವ ಅಮ್ಮಂದಿರನ್ನು ನೋಡಿರುತ್ತೀರಿ. ಸ್ಟಿಕ್ಕರ್ ಬಿಂದಿಯಲ್ಲಿ ಉಲ್ಟಾ, ಕೆಲವು ಅಂಟುಗಳಲ್ಲಿರುವ ರಾಸಾಯನಿಕದಿಂದ ಬಿಳಿ ಮಚ್ಚೆಯೇ ಬೀಳುತ್ತದೆ.

ಅಂಗಡಿ ಅರಿಶಿನ ಪುಡಿಯಲ್ಲಿ ಕಲಬೆರಕೆಯ ಭಯವೂ ಇದೆ. ಹಳದಿ ಎದ್ದು ಕಾಣಲಿ ಎಂದು ಮೆಟಾನಿಲ್ ಯೆಲ್ಲೋ, ಸೀಸದ ಕ್ರೋಮೇಟ್ ಬೆರೆಸುವುದು ಹಳೆಯ ಚಾಳಿ. ಒಂದು ಲೋಟ ನೀರಿಗೆ ಅರ್ಧ ಚಮಚ ಪುಡಿ ಉದುರಿಸಿ, ಕಲಕದೆ ಬಿಡಿ. ಒಳ್ಳೆಯ ಅರಿಶಿನ ತಳಕ್ಕೆ ಇಳಿಯುತ್ತದೆ, ನೀರು ತೆಳು ಹಳದಿ ಇರುತ್ತದೆ. ಬಣ್ಣ ಬೆರೆಸಿದ್ದರೆ ನೀರು ಗಾಢ ಹಳದಿಯಾಗುತ್ತದೆ. ಇದು ಒರಟು ಪರೀಕ್ಷೆ. ನನ್ನ ಕೇಳಿದರೆ, ಅರಿಶಿನ ಶಾಸ್ತ್ರಕ್ಕೆ ಕೊಂಬು ತಂದು ಮನೆಯಲ್ಲೇ ಕುಟ್ಟಿಸಿಕೊಳ್ಳುವುದು ವಾಸಿ.

ಜೇನುತುಪ್ಪ ನಿಮ್ಮ ಬಟ್ಟಲಿನಲ್ಲಿದ್ದ ಒಬ್ಬನೇ ಸಾಧು. ಅದಕ್ಕೆ ನೀರಿನ ಅಂಶ ಹಿಡಿದಿಡುವ ಗುಣ ಇದೆ. ಆದರೆ ಪಾಪ, ಸಹವಾಸ ಸರಿ ಇರಲಿಲ್ಲ.

"ಮನೆಮದ್ದಿಗೆ ಸೈಡ್ ಎಫೆಕ್ಟ್ ಇರಲ್ಲ ಅಲ್ವಾ?" ಎಂದು ಕೇಳಿದ್ದೀರಿ. ಈ ನಂಬಿಕೆ ಬಂದದ್ದು ಅಡುಗೆಮನೆಯಿಂದ. ತಿನ್ನುವುದಕ್ಕೆ ಒಳ್ಳೆಯದು ಹಚ್ಚುವುದಕ್ಕೂ ಒಳ್ಳೆಯದು ಎಂದು. ಹಾಗಾದರೆ ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಿ ನೋಡೋಣ. ಬೆಳ್ಳುಳ್ಳಿ ಅರೆದು ಬಟ್ಟೆ ಕಟ್ಟಿ ರಾತ್ರಿ ಮಲಗಿದವರಿಗೆ ಬೆಳಿಗ್ಗೆ ಬೆಂಕಿ ತಾಗಿದಂಥ ಗುಳ್ಳೆ ಎದ್ದಿರುವುದನ್ನು ನಾನು ಕಂಡಿದ್ದೇನೆ. ಪರಂಗಿಕಾಯಿಯ ಹಾಲು, ದಾಲ್ಚಿನ್ನಿ ಪುಡಿ, ಲವಂಗದ ಎಣ್ಣೆ ಇವೂ ಅದೇ ಸಾಲಿನವು. ಟೂತ್‌ಪೇಸ್ಟ್ ಮನೆಮದ್ದು ಹೇಗಾಯಿತೋ ನನಗೆ ಗೊತ್ತಿಲ್ಲ, ಅದನ್ನೂ ಮುಖಕ್ಕೆ ಹಚ್ಚುತ್ತಾರೆ.

ಬಣ್ಣಕ್ಕೂ ಕಾಂತಿಗೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಫೇರ್ ಅಂಡ್ ಲವ್ಲಿ ಎಂದು 1975ರಲ್ಲಿ ಬಂದ ಕ್ರೀಮ್ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಈಗ ಯಾರೂ ಬಾಯಿಬಿಟ್ಟು ಬೆಳ್ಳಗೆ ಎನ್ನುವುದಿಲ್ಲ, ಗ್ಲೋ ಎನ್ನುತ್ತಾರೆ, ಬ್ರೈಟ್ ಎನ್ನುತ್ತಾರೆ. ಮನಸ್ಸಿನಲ್ಲಿರುವುದು ಮಾತ್ರ ಹಳೆಯ ಪದವೇ. ಆದರೆ ಕಾಂತಿ ಎನ್ನುವುದು ನಿಜವಾಗಿಯೂ ಬೇರೆ ವಿಷಯ. ಚರ್ಮದ ಮೇಲ್ಮೈ ನುಣುಪಾಗಿ, ನೀರಿನ ಅಂಶ ತುಂಬಿಕೊಂಡಿದ್ದರೆ ಬೆಳಕು ಚೆನ್ನಾಗಿ ಹಿಂದಿರುಗುತ್ತದೆ. ಒಣಗಿ ಬೂದಿ ಬಳಿದಂತಿದ್ದರೆ ಬೆಳಕು ಚದುರುತ್ತದೆ. ಮೊಸರು, ಹಾಲಿನ ಕೆನೆ, ಲೋಳೆಸರ ಹಚ್ಚಿದ ಮೇಲೆ ಮುಖ ಹೊಳೆಯುವುದು ಇದರಿಂದಲೇ. ಆ ಹೊಳಪು ಸುಳ್ಳಲ್ಲ. ಸಂಜೆಯವರೆಗೆ ಇರುತ್ತದೆ ಅಷ್ಟೇ. ಬಣ್ಣ ತಯಾರಾಗುವುದು ತಳದ ಪದರದಲ್ಲಿ, ಅಲ್ಲಿಗೆ ಈ ಲೇಪಗಳು ಇಳಿಯುವುದಿಲ್ಲ.

ನಿಮ್ಮ ಬಣ್ಣ ಎಲ್ಲಿಯವರೆಗೆ ತಿಳಿಯಾಗಬಹುದು ಎಂದು ನೋಡಲು ನಾನು ಓಪಿಡಿಯಲ್ಲಿ ಒಂದು ಕೆಲಸ ಮಾಡುತ್ತೇನೆ. ರೋಗಿಯ ತೋಳಿನ ಒಳಭಾಗವನ್ನು, ಕಂಕುಳಿನ ಹತ್ತಿರ ಬಿಸಿಲು ಕಾಣದ ಜಾಗವನ್ನು, ಕೆನ್ನೆಯ ಪಕ್ಕ ಹಿಡಿದು ಕನ್ನಡಿ ತೋರಿಸುತ್ತೇನೆ. ಅದು ನೀವು ಹುಟ್ಟಿ ತಂದ ಬಣ್ಣ. ಮುಖ ಅದಕ್ಕಿಂತ ಕಪ್ಪಾಗಿದ್ದರೆ ಆ ವ್ಯತ್ಯಾಸವನ್ನು ಕಳೆಯಬಹುದು. ಅದಕ್ಕಿಂತ ಕೆಳಗೆ ಇಳಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅವರು ಕೇಳುವ ಬೆಲೆ ದುಡ್ಡೊಂದೇ ಆಗಿರುವುದಿಲ್ಲ. ಬಸುರಿಗೆ ಕೇಸರಿ ಹಾಲು ಕುಡಿಸಿದರೆ ಮಗು ಕೆಂಪಗೆ ಹುಟ್ಟುತ್ತದೆ, ಕೂಸಿಗೆ ಕಡಲೆ ಹಿಟ್ಟು ಉಜ್ಜಿದರೆ ಬಣ್ಣ ಬರುತ್ತದೆ ಎನ್ನುವುದೂ ಹೀಗೇ. ಹಾಲು ಕುಡಿಯಲಿ, ಒಳ್ಳೆಯದೇ. ಕೂಸಿನ ತೆಳು ಚರ್ಮವನ್ನು ಮಾತ್ರ ಉಜ್ಜಬೇಡಿ.

ಉಜ್ಜುವುದು ಎಂದಾಗ ನೆನಪಾಯಿತು. ನಮ್ಮ ಕಡೆ ಸ್ನಾನ ಎಂದರೆ ಉಜ್ಜುವುದೇ. ಕಲ್ಲು, ನಾರು, ಈಗ ಪ್ಲಾಸ್ಟಿಕ್ ಬಲೆಯ ಸ್ಕ್ರಬ್ಬರ್. ಬೆನ್ನಿನ ಮೇಲೆ, ತೋಳಿನ ಮೇಲೆ, ಕೊರಳೆಲುಬಿನ ಮೇಲೆ ಅಲೆ ಅಲೆಯಾಗಿ ಕಂದು ಕಪ್ಪು ಇರುವವರು ಎಷ್ಟೋ ಜನ ಬರುತ್ತಾರೆ. ಕೊಳೆ ಎಂದುಕೊಂಡು ಇನ್ನೂ ಉಜ್ಜುತ್ತಾರೆ. ಅದು ಕೊಳೆ ಅಲ್ಲ, ಉಜ್ಜಿ ಉಜ್ಜಿ ಬಂದ ಬಣ್ಣ. ಅದಕ್ಕೆ ನಾನು ಬರೆಯುವ ಮೊದಲ ಔಷಧಿ ಸ್ಕ್ರಬ್ಬರ್ ಬಿಸಾಡುವುದು. ಮುಖಕ್ಕೆ ಕಾಫಿ ಪುಡಿ, ಸಕ್ಕರೆ, ಅಕ್ಕಿ ರವೆ ಹಾಕಿ ತಿಕ್ಕುವವರಿಗೂ ಇದೇ ಮಾತು. ಕಡಲೆ ಹಿಟ್ಟು, ಹೆಸರು ಹಿಟ್ಟು ಒಳ್ಳೆಯ ಹಳೆಯ ಸೋಪುಗಳು. ತೆಳ್ಳಗೆ ಕಲಸಿ ಸವರಿ, ಹಸಿ ಇರುವಾಗಲೇ ತೊಳೆಯಿರಿ. ಒಣಗಿ ಬಿರಿದ ಮೇಲೆ ಕೆರೆದು ತೆಗೆದರೆ ಅದೂ ಸ್ಕ್ರಬ್ಬರೇ.

ಕುತ್ತಿಗೆಯದು ಇನ್ನೊಂದು ಕಥೆ. ವಾರಕ್ಕೊಬ್ಬರಾದರೂ ಹದಿಹರೆಯದ ಮಗಳನ್ನು ಕರೆದುಕೊಂಡು ಬರುತ್ತಾರೆ. "ಇವಳು ಕುತ್ತಿಗೆ ತೊಳೆಯೋದೇ ಇಲ್ಲ ಡಾಕ್ಟ್ರೇ" ಎಂದು ಅಮ್ಮನ ದೂರು. ಆಲೂಗಡ್ಡೆ, ನಿಂಬೆ ಉಜ್ಜಿ ಉಜ್ಜಿ ಕುತ್ತಿಗೆ ಹುಣ್ಣಾಗಿರುತ್ತದೆ. ಮುಟ್ಟಿ ನೋಡಿದರೆ ಮಖಮಲ್ಲಿನಂತೆ ದಪ್ಪ, ಮಡಿಕೆ ಮಡಿಕೆ ಕಪ್ಪು. ಆ ಹುಡುಗಿಗೆ ಬೇಕಾದದ್ದು ಲೇಪ ಅಲ್ಲ, ರಕ್ತಪರೀಕ್ಷೆ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕುತ್ತಿಗೆ, ಕಂಕುಳು ಹೀಗಾಗುತ್ತವೆ. ಮುಂದೆ ಬರಬಹುದಾದ ಸಕ್ಕರೆ ಕಾಯಿಲೆಯ ಮುನ್ಸೂಚನೆ ಅದು. ತೂಕ ಇಳಿದರೆ ಕುತ್ತಿಗೆ ತಾನಾಗಿ ತಿಳಿಯಾಗುತ್ತದೆ. ಬೆರಳ ಗೆಣ್ಣುಗಳು ಕಪ್ಪಾಗಿದ್ದರೆ ಬಿ12 ಕೊರತೆ ಇದೆಯೇ ಎಂದು ನೋಡಬೇಕು, ಸಸ್ಯಾಹಾರಿಗಳಲ್ಲಿ ಇದು ಜಾಸ್ತಿ. ಹಣೆ ಮತ್ತು ಕಿವಿಯ ಹತ್ತಿರ ಬೂದು ಕಪ್ಪು ಹರಡುತ್ತಿದ್ದರೆ ನಾನು ಮೊದಲು ಕೇಳುವುದು ತಲೆಗೆ ಹಚ್ಚುವ ಡೈ ಯಾವುದು ಎಂದು.

ಈಗ ಅತ್ತಿಗೆಯ ಡಬ್ಬಿ. ಅವರು ಪ್ರೀತಿಯಿಂದಲೇ ತಂದಿದ್ದಾರೆ, ಜಗಳ ಆಡಬೇಡಿ. ಡಬ್ಬಿಯನ್ನು ತಿರುಗಿಸಿ ನೋಡಿ. ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇದೆಯಾ? ತಯಾರಿಸಿದವರ ಹೆಸರು, ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್? ಪಾರ್ಲರಿನಲ್ಲೇ ಎರಡು ಮೂರು ಟ್ಯೂಬು ಕಲಸಿ ಬಿಳಿ ಡಬ್ಬಿಗೆ ತುಂಬಿ ಕೊಟ್ಟದ್ದಾದರೆ ಇದ್ಯಾವುದೂ ಇರುವುದಿಲ್ಲ. ಅಂಥ ಡಬ್ಬಿಯಲ್ಲಿ ಎರಡು ಅಪಾಯ ಅಡಗಿರಬಹುದು.

ಒಂದು, ಸ್ಟೀರಾಯ್ಡ್. ಬೀಟಾಮೆಥಾಸೋನ್, ಕ್ಲೋಬಿಟಾಸೋಲ್, ಮೊಮೆಟಾಸೋನ್ ಇವೆಲ್ಲ ನಾವು ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಗೆ ಲೆಕ್ಕ ಇಟ್ಟು ಬರೆಯುವ ಔಷಧಿಗಳು. ಮುಖಕ್ಕೆ ಹಚ್ಚಿದರೆ ವಾರದಲ್ಲಿ ಬೆಳ್ಳಗಾಗುತ್ತದೆ. ಹೌದು, ಆಗುತ್ತದೆ. ಅದೇ ಮೋಸ. ಎರಡು ಮೂರು ತಿಂಗಳಿಗೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ಗಲ್ಲದ ಮೇಲೆ ಕೂದಲು, ಮೊಡವೆ. ಬಿಟ್ಟರೆ ಉರಿ, ಕೆಂಪು, ಮೊದಲಿಗಿಂತ ಕಪ್ಪು. ಹಾಗಾಗಿ ಬಿಡಲಾಗದೆ ಹಚ್ಚುತ್ತಲೇ ಇರುತ್ತಾರೆ. ನಮ್ಮ ದೇಶದಲ್ಲಿ ಇದು ಎಷ್ಟು ಹಬ್ಬಿತೆಂದರೆ ಚರ್ಮವೈದ್ಯರ ಸಂಘ ಇದರ ವಿರುದ್ಧ ಒಂದು ಕಾರ್ಯಪಡೆಯನ್ನೇ ಕಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿತು. ಆದರೂ ಮೆಡಿಕಲ್ ಶಾಪಿನಲ್ಲಿ "ಬೆಳ್ಳಗಾಗೋ ಕ್ರೀಮ್ ಕೊಡಿ" ಎಂದರೆ ಏನು ಕೈಗೆ ಬರುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಎರಡು, ಪಾದರಸ. ಇದು ಬಣ್ಣ ತಯಾರಾಗುವುದನ್ನು ತಡೆಯುತ್ತದೆ, ಚರ್ಮದ ಮೂಲಕ ಒಳಗಿಳಿದು ಕಿಡ್ನಿಗೆ ಹೋಗುತ್ತದೆ. ನಮ್ಮಲ್ಲಿ ಸೌಂದರ್ಯವರ್ಧಕಗಳಲ್ಲಿ ಪಾದರಸ ಬಳಸುವುದು ನಿಷೇಧ. ಆದರೂ ಕಳ್ಳದಾರಿಯಲ್ಲಿ ಬರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಕಿಡ್ನಿ ವೈದ್ಯರು 2021ರಿಂದ 2023ರ ನಡುವೆ ಒಂದು ವಿಚಿತ್ರ ಗಮನಿಸಿದರು. ಅಪರೂಪದ ಒಂದು ಕಿಡ್ನಿ ತೊಂದರೆ ಇದ್ದಕ್ಕಿದ್ದಂತೆ ಜಾಸ್ತಿಯಾಗಿತ್ತು. ಕೆದಕಿ ಕೇಳಿದಾಗ ಅವರಲ್ಲಿ ಹೆಚ್ಚಿನವರು ಬಿಳುಪಿನ ಕ್ರೀಮ್ ಹಚ್ಚುತ್ತಿದ್ದರು. ಮೂತ್ರದಲ್ಲಿ ನೊರೆ, ಕಾಲು ಊದುವುದು ಇದರ ಲಕ್ಷಣ. ಮುಖಕ್ಕೆ ಹಚ್ಚಿದ್ದಕ್ಕೂ ಕಾಲು ಊದಿದ್ದಕ್ಕೂ ಸಂಬಂಧ ಇದೆ ಎಂದು ಯಾರಿಗೆ ಹೊಳೆಯುತ್ತದೆ ಹೇಳಿ?

ಇನ್ನು ನಿಮ್ಮ ಮುಖಕ್ಕೆ ಏನು ಮಾಡುವುದು. ಮುಂದಿನ ಎರಡು ವಾರ ಏನೂ ಮಾಡಬೇಡಿ ಎನ್ನುವುದೇ ಚಿಕಿತ್ಸೆ. ನೊರೆ ಕಡಿಮೆ ಬರುವ ಸೌಮ್ಯವಾದ ಫೇಸ್‌ವಾಶ್‌ನಿಂದ ದಿನಕ್ಕೆ ಎರಡು ಸಲ ತೊಳೆಯಿರಿ. ಬಿಸಿನೀರು ಬೇಡ. ಟವೆಲಿನಿಂದ ಒರೆಸದೆ ಒತ್ತಿಕೊಳ್ಳಿ. ಮುಖ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಸುವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಸಿಪ್ಪೆ ಎದ್ದ ಜಾಗಕ್ಕೆ ರಾತ್ರಿ ತೆಳ್ಳಗೆ ವ್ಯಾಸಲಿನ್ ಸಾಕು. ಸಿಪ್ಪೆ ಕೀಳಬೇಡಿ. ಬ್ಲೀಚ್, ಫೇಶಿಯಲ್, ವ್ಯಾಕ್ಸ್, ಥ್ರೆಡಿಂಗ್ ಎಲ್ಲಕ್ಕೂ ರಜೆ.

ಬಿಸಿಲಿಗೆ ಮಾತ್ರ ರಜೆ ಇಲ್ಲ. ಸನ್‌ಸ್ಕ್ರೀನ್ ಹಚ್ಚದೆ ಬೇರೆ ಯಾವ ಕ್ರೀಮ್ ಹಚ್ಚಿದರೂ ತೂತು ಬಿಂದಿಗೆಗೆ ನೀರು ಹೊತ್ತಂತೆ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಬೇಕು ಮುಖ ಮತ್ತು ಕುತ್ತಿಗೆಗೆ. ನಾವು ಹಚ್ಚುವುದು ಕಡಲೆಕಾಳಿನಷ್ಟು. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಸ್ಕೂಟಿಯಲ್ಲಿ ಹೋಗುವಾಗ ಹತ್ತಿಯ ದುಪಟ್ಟಾ ಸುತ್ತಿಕೊಂಡು ಹೆಲ್ಮೆಟ್ ಹಾಕಿ. ಕಿಟಕಿ ಗಾಜು ಎಲ್ಲ ಕಿರಣವನ್ನೂ ತಡೆಯುವುದಿಲ್ಲ, ಆಫೀಸಿನಲ್ಲಿ ಕಿಟಕಿ ಪಕ್ಕ ಕೂರುವವರೂ ಹಚ್ಚಬೇಕು. ಕಲೆ ಇರುವವರಿಗೆ ಬಣ್ಣ ಇರುವ, ಐರನ್ ಆಕ್ಸೈಡ್ ಸೇರಿಸಿದ ಸನ್‌ಸ್ಕ್ರೀನ್ ಇನ್ನೂ ವಾಸಿ, ಅದು ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುತ್ತದೆ.

ಎರಡು ವಾರ ಕಳೆದು ಉರಿ, ಸಿಪ್ಪೆ ಪೂರ್ತಿ ನಿಂತ ಮೇಲೆ ನಯಾಸಿನಮೈಡ್ ಅಥವಾ ಅಜೆಲಿಕ್ ಆಸಿಡ್‌ನಂಥ ಸೌಮ್ಯ ಔಷಧಿ ಶುರು ಮಾಡಬಹುದು. ಯಾವುದು, ಎಷ್ಟು ಎನ್ನುವುದನ್ನು ನಿಮ್ಮ ಮುಖ ನೋಡಿದ ವೈದ್ಯರೇ ಹೇಳಲಿ. ಮೇಲ್ದುಟಿಯ ಮೇಲೆ ಕಲೆ ಎಂದಿದ್ದೀರಿ. ನಿಮ್ಮ ಅಮ್ಮನಿಗೆ ಬಂಗು ಇದೆಯಾ? ನೀವು ಹಾರ್ಮೋನ್ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ? ಮೊದಲೇ ಸಣ್ಣಗೆ ಇದ್ದ ಬಂಗು ಈ ಕೆರಳಿಕೆಯಿಂದ ಎದ್ದು ಕಂಡಿರಲೂಬಹುದು. ಬಂಗು ಆಗಿದ್ದರೆ ಚಿಕಿತ್ಸೆಯ ದಾರಿ ಬೇರೆ, ತಾಳ್ಮೆಯೂ ಜಾಸ್ತಿ ಬೇಕು. ವುಡ್ಸ್ ಲ್ಯಾಂಪ್ ಎಂಬ ನೇರಳೆ ದೀಪದಲ್ಲಿ ನೋಡಿದರೆ ಬಣ್ಣ ಮೇಲಿದೆಯೋ ಆಳದಲ್ಲಿದೆಯೋ ಎಂಬ ಅಂದಾಜು ಸಿಗುತ್ತದೆ.

ಮೂರು ತಿಂಗಳಲ್ಲಿ ಪೂರ್ತಿ ಹೋಗುತ್ತದಾ ಎಂದು ಕೇಳಿದರೆ, ಬಹಳ ಮಟ್ಟಿಗೆ ಮಾಸುತ್ತದೆ ಎನ್ನುತ್ತೇನೆ. ಚರ್ಮದ ಮೇಲ್ಪದರ ಒಂದು ಸುತ್ತು ಹೊಸದಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಿಮಗೆ ಎರಡು ಸುತ್ತಿಗೆ ಸಮಯ ಇದೆ. ಉಳಿದದ್ದಕ್ಕೆ ಮದುವೆ ದಿನ ಮೇಕಪ್ ಇದ್ದೇ ಇದೆ. ಮೇಕಪ್ ಮಾಡುವವರನ್ನು ಒಂದು ತಿಂಗಳು ಮೊದಲೇ ಕರೆಸಿ, ಅವರ ಸಾಮಾನನ್ನು ಕೆನ್ನೆಯ ಪಕ್ಕಕ್ಕೆ ಹಚ್ಚಿ ನೋಡಿ. ಹಿಂದಿನ ದಿನ ಹೊಸದೇನೂ ಬೇಡ.

ಅರಿಶಿನ ಶಾಸ್ತ್ರ ಬಿಡಿ ಎಂದು ನಾನು ಹೇಳಿದರೆ ನಿಮ್ಮ ಅಜ್ಜಿ ನನ್ನನ್ನು ಬಿಡುವುದಿಲ್ಲ. ಮಾಡಿ. ಮೊದಲು ಮುಖಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆ ಅರಿಶಿನ. ಕಲೆ ಇರುವ ಜಾಗದಲ್ಲಿ ಯಾರೂ ತಿಕ್ಕದ ಹಾಗೆ ನೋಡಿಕೊಳ್ಳಿ. ಅತ್ತೆ, ಚಿಕ್ಕಮ್ಮಂದಿರ ಕೈ ಆ ದಿನ ಸ್ವಲ್ಪ ಜೋರೇ ಇರುತ್ತದೆ. ನೆರಳಲ್ಲಿ ಮಾಡಿಸಿ, ಬೇಗ ತೊಳೆಯಿರಿ.

ಇಷ್ಟೆಲ್ಲ ಹೇಳಿದರೂ ಮನೆಮದ್ದು ಮಾಡಲೇಬೇಕು ಎನಿಸಿದರೆ, ಕಲೆ ಮಾಸಿದ ಮೇಲೆ, ವಾರಕ್ಕೊಮ್ಮೆ ತಾಜಾ ಮೊಸರು, ಜೇನು, ನುಣ್ಣಗೆ ಪುಡಿ ಮಾಡಿದ ಓಟ್ಸ್ ಇವುಗಳಲ್ಲಿ ಒಂದು. ಮೊಡವೆ ಮುಖಕ್ಕೆ ಕೆನೆ ಬೇಡ. ಲೋಳೆಸರ ಹಚ್ಚುವುದಾದರೆ ಎಲೆ ಕತ್ತರಿಸಿ ಸ್ವಲ್ಪ ಹೊತ್ತು ನಿಲ್ಲಿಸಿ, ಸಿಪ್ಪೆಯ ಕೆಳಗಿನ ಹಳದಿ ರಸ ಸೋರಿಹೋಗಲಿ. ಅದೇ ತುರಿಕೆ ತರುವುದು. ಆಮೇಲೆ ಒಳಗಿನ ಲೋಳೆ ತೊಳೆದು ಬಳಸಿ. ಮುಲ್ತಾನಿ ಮಿಟ್ಟಿ ಎಣ್ಣೆಮುಖಕ್ಕೆ ಸರಿ, ಒಣಚರ್ಮಕ್ಕೆ ಅಲ್ಲ. ಶ್ರೀಗಂಧ ಸಾಣೆಕಲ್ಲಿನ ಮೇಲೆ ತೇಯ್ದದ್ದಾದರೆ ತಂಪು. ಆದರೆ ಪುಡಿ ಅಗ್ಗಕ್ಕೆ ಸಿಕ್ಕಿತು ಎಂದರೆ ಅದು ಗಂಧವೇ ಎಂದು ನಾನು ನಂಬುವುದಿಲ್ಲ. ಯಾವುದೇ ಆಗಲಿ, ಮೊದಲು ಮೊಣಕೈ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಿ. ಒಂದೇ ಸಲ ಹಚ್ಚಿ ಏನೂ ಆಗಲಿಲ್ಲ ಎನ್ನಬೇಡಿ, ಅಲರ್ಜಿ ತಡವಾಗಿ ಏಳುತ್ತದೆ. ನಿಂಬೆಯ ಬಿಸಿಲಿನ ಆಟ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಆದ್ದರಿಂದ ಅದನ್ನು ಶರಬತ್ತಿಗೇ ಇಟ್ಟುಕೊಳ್ಳಿ.

ಒಂದು ವಾರದೊಳಗೆ ಹತ್ತಿರದ ಚರ್ಮವೈದ್ಯರಿಗೆ ತೋರಿಸಿ. ಗುಳ್ಳೆ, ಕೀವು, ಕಣ್ಣಿನ ಸುತ್ತ ಊತ ಇದ್ದರೆ ನಾಳೆಯೇ ಹೋಗಿ. ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬು, ಡಬ್ಬಿ ಒಂದು ಕವರಿಗೆ ಹಾಕಿಕೊಳ್ಳಿ, ಖಾಲಿಯಾದದ್ದೂ ಇರಲಿ, ಅತ್ತಿಗೆಯ ಡಬ್ಬಿಯೂ ಇರಲಿ. ಮೊಬೈಲಿನಲ್ಲಿ ಆರು ತಿಂಗಳ ಹಿಂದಿನ, ಫಿಲ್ಟರ್ ಹಾಕದ ಫೋಟೋ ಒಂದಿದ್ದರೆ ಅದನ್ನೂ ಹುಡುಕಿಟ್ಟುಕೊಳ್ಳಿ.